ಮುಂಬೈ ಮಳೆಗಾಲದಲ್ಲಿ ಕಬ್ಬಿಣದ ಕತ್ತಿ: ತುಕ್ಕು ಬಿಡಿಸಿ, ಮಸೆದು, ಹರಿತ ಉಳಿಸಿಕೊಳ್ಳುವ ಕ್ರಮ

ಜೂನ್ ಮೊದಲ ವಾರ ಮಸೆದಿಟ್ಟ ಕತ್ತಿ ಜುಲೈ ಹೊತ್ತಿಗೆ ಟೊಮೆಟೊ ಸಿಪ್ಪೆಯ ಮೇಲೆ ಜಾರತೊಡಗುತ್ತದೆ. ನಡುವೆ ಅದರಲ್ಲಿ ಹೆಚ್ಚಿದ್ದು ನಾಲ್ಕು ಈರುಳ್ಳಿ, ಎರಡು ಕಟ್ಟು ಹರಿವೆ ಸೊಪ್ಪು, ಅಷ್ಟೆ. ಉಕ್ಕೇ ಸರಿ ಇಲ್ಲ ಎಂದುಕೊಂಡು ಸ್ಟೀಲಿನ ಜುಂಗಿನಿಂದ ತಿಕ್ಕಿ ಫಳಫಳ ಮಾಡಿ, ಕೊಬ್ಬರಿ ಎಣ್ಣೆ ಸವರಿ ಡ್ರಾಯರಿಗೆ ಸೇರಿಸುತ್ತೇವೆ. ಹದಿನೈದು ದಿನಕ್ಕೆ ಮತ್ತೆ ಕಿತ್ತಳೆ ಚುಕ್ಕೆ, ಮತ್ತೆ ಮೊಂಡು.

ಇಲ್ಲಿ ತಪ್ಪುತ್ತಿರುವುದು ಕೆಲಸದ ಕ್ರಮ. ಚೆನ್ನಾಗಿ ಮಸೆದ ಕತ್ತಿಯ ಬಾಯಿ, ಅಂದರೆ ತರಕಾರಿಗೆ ಮೊದಲು ತಾಗುವ ಗೆರೆ, ಒಂದು ಮೈಕ್ರಾನಿಗಿಂತ ತೆಳ್ಳಗಿರುತ್ತದೆ. ಅಲಗಿನ ಮೈ ಮೇಲೆ ತುಕ್ಕು ಕಣ್ಣಿಗೆ ಬೀಳುವಷ್ಟರಲ್ಲಿ ಆ ತೆಳು ಗೆರೆ ಅರ್ಧ ತಿಂದುಹೋಗಿರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಕತ್ತಿ ಬಳಸದೆ ಇಟ್ಟರೂ ಮೊಂಡಾಗುತ್ತದೆ. ತುಕ್ಕು ಒಂದು ತೊಂದರೆ, ಮೊಂಡು ಇನ್ನೊಂದು ಎಂದು ಬೇರೆ ಬೇರೆ ಮದ್ದು ಮಾಡಿದರೆ ಎರಡೂ ವಾಸಿಯಾಗುವುದಿಲ್ಲ.

ಸರಿಯಾದ ಸರದಿ ಹೀಗೆ: ತುಕ್ಕು ಬಿಡಿಸುವುದು, ಒರಟು ಕಲ್ಲಿನಲ್ಲಿ ಮಸೆಯುವುದು, ಅಲಗಿಗೆ ತುಕ್ಕನ್ನು ನಿಧಾನ ಮಾಡುವ ಕಪ್ಪು ಪೊರೆ ಕಟ್ಟಿಸುವುದು, ನುಣ್ಣನೆ ಕಲ್ಲಿನಲ್ಲಿ ಬಾಯಿ ತೀಡುವುದು, ಕೊನೆಗೆ ಎಣ್ಣೆ. ಪೊರೆ ಕಟ್ಟಿಸಿದ ಮೇಲೆ ಒರಟು ಕಲ್ಲಿಗೆ ಹೋದರೆ ಕಟ್ಟಿದ ಪೊರೆ ಕೆರೆದುಹೋಗುತ್ತದೆ. ನುಣ್ಣಗೆ ತೀಡಿ ಆಮೇಲೆ ಪೊರೆ ಕಟ್ಟಿಸಲು ಹೋದರೆ ಅದಕ್ಕೆ ಬಳಸುವ ವಿನೆಗರಿನ ಹುಳಿ ಬಾಯಿಯನ್ನೇ ತಿನ್ನುತ್ತದೆ. ಮಸೆಯುವ ಕೆಲಸವನ್ನು ಎರಡಾಗಿ ಒಡೆದು ನಡುವೆ ಪೊರೆ ಇಟ್ಟಿರುವುದು ಇದಕ್ಕೇ.

ಗಾಳಿ ಮತ್ತು ಉಪ್ಪಿನ ಲೆಕ್ಕ

ಗಾಳಿಯ ತೇವ ಶೇಕಡಾ 60 ದಾಟಿದರೆ ಬೆತ್ತಲೆ ಕಬ್ಬಿಣಕ್ಕೆ ತುಕ್ಕು ಚುರುಕಾಗುತ್ತದೆ. ಮುಂಬೈಯಲ್ಲಿ ಜುಲೈ, ಆಗಸ್ಟ್ ತಿಂಗಳ ಹೆಚ್ಚಿನ ದಿನಗಳಲ್ಲಿ ಅದು 80ರ ಆಚೆಗೇ ಇರುತ್ತದೆ. ಇದಕ್ಕಿಂತ ಮುಖ್ಯವಾದದ್ದು ಉಪ್ಪಿನ ಗುಣ. ಅಡುಗೆ ಉಪ್ಪು ಶೇಕಡಾ 75ರ ತೇವದಲ್ಲಿ ಗಾಳಿಯಿಂದಲೇ ನೀರು ಹೀರಿ ಕರಗತೊಡಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಜಾಡಿ ನೀರೊಡೆಯುವುದನ್ನು ಎಲ್ಲರೂ ನೋಡಿದ್ದೇವೆ. ಬಂಗುಡೆ ಕೊಯ್ದ ಕತ್ತಿಯನ್ನು ಸುಮ್ಮನೆ ಬಟ್ಟೆಯಲ್ಲಿ ಒರೆಸಿಟ್ಟರೆ ಅದರ ಮೈಮೇಲೆ ಉಳಿದ ಉಪ್ಪು ಮಾಡುವುದೂ ಅದನ್ನೇ. ಒಣಗಿಸಿಟ್ಟ ಕತ್ತಿ ಬೆಳಿಗ್ಗೆ ಹೊತ್ತಿಗೆ ತಾನಾಗಿ ಒದ್ದೆಯಾಗಿರುತ್ತದೆ.

ವರ್ಸೋವಾ, ವರಳಿ, ಪಣಜಿಯ ಕಡಲ ಬದಿಯ ಮನೆಗಳಲ್ಲಿ ಗಾಳಿಯೇ ಉಪ್ಪು ಹೊತ್ತು ತರುತ್ತದೆ. ಪುಣೆ ಕಡಲಿಂದ ದೂರ, ಎತ್ತರದಲ್ಲಿದೆ. ಅಲ್ಲಿ ಮಳೆ ಇದ್ದರೂ ಗಾಳಿಯಲ್ಲಿ ಉಪ್ಪಿಲ್ಲ. ಅಲ್ಲಿನವರಿಗೆ ಈ ಬರಹದ ಅರ್ಧದಷ್ಟು ಎಚ್ಚರಿಕೆ ಸಾಕು.

ಹಂತ 1: ಕೈಯಲ್ಲಿರುವುದು ಯಾವ ಉಕ್ಕು ಎಂದು ತಿಳಿಯಿರಿ

ಕನಿಷ್ಠ ಶೇಕಡಾ 10.5 ಕ್ರೋಮಿಯಂ ಇದ್ದರೆ ಅದು ಸ್ಟೇನ್‌ಲೆಸ್. ಕ್ರೋಮಿಯಂ ತಾನೇ ಒಂದು ಕಾಣದ ಪೊರೆ ಕಟ್ಟಿಕೊಂಡು ಉಕ್ಕನ್ನು ಕಾಯುತ್ತದೆ. ಕಾರ್ಬನ್ ಉಕ್ಕಿಗೆ ಆ ಕಾವಲಿಲ್ಲ, ಪೊರೆಯನ್ನು ನಾವೇ ಕಟ್ಟಿಸಬೇಕು. ಅಯಸ್ಕಾಂತ ಹಿಡಿದು ಪರೀಕ್ಷಿಸಬೇಡಿ. ಅಡುಗೆಮನೆಯ ಸ್ಟೇನ್‌ಲೆಸ್ ಚಾಕುಗಳೂ ಸಾಮಾನ್ಯವಾಗಿ ಅಂಟುತ್ತವೆ. ಅಲಗು ತೊಳೆದು ಒಂದು ಹನಿ ನಿಂಬೆರಸ ಬಿಟ್ಟು 10 ನಿಮಿಷ ಕಾಯಿರಿ. ಬೂದು ಕಲೆ ಉಳಿದರೆ ಕಾರ್ಬನ್ ಉಕ್ಕು.

ಮುಂದಿನ ಪ್ರಶ್ನೆ, ಅದಕ್ಕೆ ಹದ ಕೊಟ್ಟಿದ್ದಾರೆಯೇ, ಅಂದರೆ ಕಾಸಿ ತಣಿಸಿ ಗಡಸು ಮಾಡಿದ್ದಾರೆಯೇ ಎಂಬುದು. ಹೊಸ ಅರವೊಂದನ್ನು ಬಾಯಿಯ ಬದಿಗೆ, ಹಿಡಿಯ ಹತ್ತಿರ, ಮೆಲ್ಲಗೆ ಒಮ್ಮೆ ಎಳೆಯಿರಿ. ಅರ ಜಾರಿದರೆ ಅಥವಾ ಕಷ್ಟಪಟ್ಟು ಕಚ್ಚಿದರೆ ಹದ ಇದೆ. ಬೆಲ್ಲ ಕೆರೆದಂತೆ ಪುಡಿ ಉದುರಿದರೆ ಅದು ಮೆದು ಕಬ್ಬಿಣ. ಅಂಥದ್ದನ್ನು ಎಷ್ಟು ಮಸೆದರೂ ಒಂದು ದಿನಕ್ಕಿಂತ ಹೆಚ್ಚು ಬಾಳದು. ತೆಂಗಿನ ಗರಿ ಕಡಿಯಲು ಇಟ್ಟುಕೊಳ್ಳಿ, ಅಡುಗೆಮನೆಗೆ ಬೇಡ.

ಊರಿನ ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ತಟ್ಟಿದ ಕತ್ತಿಗಳಲ್ಲಿ ಇಂಗಾಲ ಸುಮಾರು ಶೇಕಡಾ 0.6 ಇರುತ್ತದೆ. ಗಟ್ಟಿ, ಹೊಡೆತ ತಾಳುತ್ತವೆ, ಆದರೆ ಬಾಯಿ ತೀರಾ ತೆಳುವಾದರೆ ಮಡಚಿಕೊಳ್ಳುತ್ತದೆ. ಜಪಾನಿನ ಬಿಳಿ ಕಾಗದದ ಉಕ್ಕು ಎಂದು ಕರೆಯುವ ಜಾತಿಯಲ್ಲಿ ಸಾಮಾನ್ಯವಾಗಿ ಶೇಕಡಾ 1ಕ್ಕಿಂತ ಹೆಚ್ಚು ಇಂಗಾಲ ಇರುತ್ತದೆ. ಅದು ತುಂಬಾ ಹರಿತವಾಗುತ್ತದೆ, ತಿರುಚಿದರೆ ಚಕ್ಕೆ ಏಳುತ್ತದೆ. ಮಸೆಯುವ ಕೋನ ಇದರ ಮೇಲೆ ನಿಂತಿದೆ.

ಹಂತ 2: ಸಾಮಾನು ಜೋಡಿಸಿಕೊಳ್ಳಿ

ನಡುವೆ ಎದ್ದು ಹುಡುಕಲು ಹೋದರೆ ಒದ್ದೆ ಅಲಗಿಗೆ ಅಷ್ಟರಲ್ಲೇ ತುಕ್ಕು ಹತ್ತುತ್ತದೆ. ಎಲ್ಲವೂ ಮೊದಲೇ ಪಕ್ಕದಲ್ಲಿರಲಿ.

ಕಲ್ಲು ಎರಡು ಬೇಕು. ಕಲ್ಲಿನ ನಂಬರ್ ಹೆಚ್ಚಿದಷ್ಟೂ ಅದು ನುಣುಪು. ಒಂದು 240ರಿಂದ 400ರ ಒರಟು, ಇನ್ನೊಂದು 1000ದ ನುಣ್ಣನೆ. 3000ದ ಕಲ್ಲು ಆಸೆಗೆ ಕೊಳ್ಳಬಹುದು, ಮನೆಯ ಅಡುಗೆಗೆ ಅಗತ್ಯವಿಲ್ಲ. ಹಾರ್ಡ್‌ವೇರ್ ಅಂಗಡಿಯ ಎರಡು ಮೈಯ ಕಾರ್ಬೊರಂಡಮ್ ಕಲ್ಲು ಒರಟು ಕೆಲಸಕ್ಕೆ ಸಾಕು, ಆದರೆ ಅದರ ನುಣ್ಣನೆ ಮೈಯೂ ಅಡುಗೆ ಕತ್ತಿಗೆ ಒರಟೇ. ಮುಂಬೈಯಲ್ಲಾದರೆ ನಾಗದೇವಿ ಸ್ಟ್ರೀಟ್, ಪುಣೆಯಲ್ಲಾದರೆ ರವಿವಾರ ಪೇಠೆಯ ಬೋಹ್ರಿ ಆಳಿ ಕಡೆ ಕಲ್ಲು, ಪಾಲಿಶ್ ಪೇಪರ್, ಹಸಿರು ಪಾಲಿಶ್ ಮೇಣ ಮೂರೂ ಸಿಗುತ್ತವೆ.

ಇವುಗಳ ಜತೆಗೆ 600 ಮತ್ತು 1000 ನಂಬರಿನ, ನೀರಲ್ಲಿ ಬಳಸುವ ಪಾಲಿಶ್ ಪೇಪರ್ ಎರಡೆರಡು ಹಾಳೆ, ಬಾಟಲಿಯ ಕಾರ್ಕ್ ಬಿರಡೆ ಒಂದು, 500 ಮಿಲೀ ಬಿಳಿ ವಿನೆಗರ್, 100 ಗ್ರಾಂ ಅಡುಗೆ ಸೋಡಾ, 50 ಗ್ರಾಂ ಚಹಾಪುಡಿ, ಒಂದು ಮಾರ್ಕರ್ ಪೆನ್, ಹಳೆಯ ಚರ್ಮದ ಬೆಲ್ಟ್, ಎರಡು ಹತ್ತಿ ಬಟ್ಟೆ. ಎಣ್ಣೆಗೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ 100 ಮಿಲೀ. ಹೊಟ್ಟೆ ಕಟ್ಟಿದವರಿಗೆ ಕೊಡುವ ಔಷಧ ಇದು, ಹಾಗಾಗಿ ತರಕಾರಿಯ ಜತೆ ಸ್ವಲ್ಪ ಹೊಟ್ಟೆಗೆ ಹೋದರೆ ಗಾಬರಿ ಬೇಡ. ಹೊಲಿಗೆ ಯಂತ್ರದ ಎಣ್ಣೆ ಅಡುಗೆಮನೆಗೆ ತರಬೇಡಿ.

ಹಂತ 3: ತುಕ್ಕು ಬಿಡಿಸುವುದು

ಮೊದಲು ಕಪ್ಪನ್ನೂ ಕೆಂಪನ್ನೂ ಬೇರೆ ಮಾಡಿ ನೋಡಿ. ಬೂದು, ನೀಲಿ, ಕಪ್ಪು ಕಲೆಗಳು ಬಿಗಿಯಾಗಿ ಅಂಟಿಕೊಂಡ ಪೊರೆ, ಅದನ್ನು ಮುಟ್ಟಬೇಡಿ. ಬಿಳಿ ಟಿಶ್ಯೂ ಪೇಪರಿನಲ್ಲಿ ಒರೆಸಿದಾಗ ಕಿತ್ತಳೆ ಅಥವಾ ಇಟ್ಟಿಗೆ ಬಣ್ಣ ಹತ್ತಿದರೆ ಅದು ತುಕ್ಕು. ಕೆಂಪು ತುಕ್ಕು ಸಡಿಲ, ತೂತು ತೂತು. ಸ್ಪಂಜಿನಂತೆ ನೀರು ಹಿಡಿದುಕೊಂಡು ಕೆಳಗಿನ ಉಕ್ಕನ್ನು ತಿನ್ನುತ್ತಲೇ ಹೋಗುತ್ತದೆ. ಕತ್ತಿ ಹೊಸದರಂತೆ ಹೊಳೆಯಲಿ ಎಂದು ಎರಡನ್ನೂ ತಿಕ್ಕಿ ತೆಗೆಯುವುದೇ ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಆರು ತಿಂಗಳ ಅಡುಗೆ ಕಟ್ಟಿದ ಕಾವಲನ್ನು ಅರ್ಧ ಗಂಟೆಯಲ್ಲಿ ಕಿತ್ತು ಹಾಕಿದಂತಾಯಿತು.

ತೆಳು ತುಕ್ಕಿಗೆ ಸೋಡಾಕ್ಕೆ ಕೆಲವು ಹನಿ ನೀರು ಹಾಕಿ ಗಟ್ಟಿ ಹಿಟ್ಟಿನಂತೆ ಕಲಸಿ, ಬಿರಡೆಗೆ ಹಚ್ಚಿ ಉಜ್ಜಿ. ಸೋಸಿದ ಕಟ್ಟಿಗೆ ಬೂದಿಯೂ ನಡೆಯುತ್ತದೆ. ಇಟ್ಟಿಗೆ ಪುಡಿ ಬೇಡ, ಅದು ಮಾಡುವ ಗೀರುಗಳಲ್ಲೇ ಮುಂದಿನ ತುಕ್ಕು ಕೂರುತ್ತದೆ. ಉಜ್ಜುವ ದಿಕ್ಕು ಕತ್ತಿಯ ಬೆನ್ನಿನಿಂದ ಬಾಯಿಯ ಕಡೆಗೆ, ಬಾಯಿ ದಾಟಿ ಹೊರಗೆ. ಎದುರು ದಿಕ್ಕಿನಲ್ಲಿ ತಿಕ್ಕಿದರೆ ಬೆರಳು ಕುಯ್ಯುತ್ತದೆ.

ಹೋಗದಿದ್ದರೆ 600ರ ಪೇಪರ್ ನೀರಿನಲ್ಲಿ ಅದ್ದಿ ಆ ಚುಕ್ಕೆಯ ಜಾಗಕ್ಕೆ ಮಾತ್ರ, ನಂತರ 1000. ಅಲಗು ಪೂರ್ತಿ ಕೆಂಪಾಗಿದ್ದರೆ ಮಾತ್ರ ವಿನೆಗರಿನಲ್ಲಿ ಮುಳುಗಿಸಿ. 30 ನಿಮಿಷ ಮೀರಬಾರದು, 10 ನಿಮಿಷಕ್ಕೊಮ್ಮೆ ತೆಗೆದು ಉಜ್ಜಿ. ರಾತ್ರಿಯಿಡೀ ಬಿಟ್ಟರೆ ತುಕ್ಕಿನ ಜತೆ ಒಳ್ಳೆಯ ಉಕ್ಕೂ ಹೋಗುತ್ತದೆ, ಬೆಳಿಗ್ಗೆ ಬಾಯಿ ಗರಗಸದಂತೆ ಸಿಗುತ್ತದೆ. ತೆಗೆದ ಕೂಡಲೇ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸೋಡಾ ಕರಗಿಸಿ ಅದರಲ್ಲಿ 5 ನಿಮಿಷ ಅದ್ದಿಡಿ. ಈ ಸೋಡಾ ಸ್ನಾನ ಬಿಟ್ಟರೆ ಒರೆಸುತ್ತಿದ್ದ ಹಾಗೇ ಮತ್ತೆ ಕೆಂಪಾಗುತ್ತದೆ. "ವಿನೆಗರ್ ಹಾಕಿದ ಮೇಲೇ ತುಕ್ಕು ಹೆಚ್ಚಾಯಿತು" ಎನ್ನುವವರು ಬಿಟ್ಟದ್ದು ಇದನ್ನೇ.

ತುಕ್ಕು ಹೋದ ಜಾಗದ ಮೇಲೆ ಸೂಜಿಯ ಮೊನೆ ಎಳೆದು ನೋಡಿ. ಸಿಕ್ಕಿಹಾಕಿಕೊಂಡರೆ ಗುಳಿ ಬಿದ್ದಿದೆ. ಗುಳಿ ಮೈಯಲ್ಲಿದ್ದರೆ ಬದುಕಬಹುದು. ಬಾಯಿಯಿಂದ 2 ಮಿಮೀ ಒಳಗೆ ಇದ್ದರೆ ಮಸೆಯುತ್ತ ಹೋದಂತೆ ಅದೇ ಜಾಗದಲ್ಲಿ ಬಾಯಿಗೆ ಕಚ್ಚು ಬೀಳುತ್ತದೆ.

ಹಂತ 4: ಒರಟು ಕಲ್ಲಿನಲ್ಲಿ ಮಸೆಯುವುದು

ಕಲ್ಲನ್ನು ಒದ್ದೆ ಬಟ್ಟೆಯ ಮೇಲೆ ಅಲ್ಲಾಡದಂತೆ ಇಡಿ. ಕಲ್ಲಿನ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿದರೆ ಮಸೆಯುವಾಗಲೇ ತುಕ್ಕು ಹತ್ತುವುದು ತಪ್ಪುತ್ತದೆ. ಒಮ್ಮೆ ಎಣ್ಣೆ ಹಾಕಿದ ಕಲ್ಲಿಗೆ ಮತ್ತೆ ನೀರು ಹಿಡಿಯುವುದಿಲ್ಲ, ಅದನ್ನು ಎಣ್ಣೆಗೇ ಮೀಸಲಿಡಿ.

ಕೋನ ಅಂದಾಜಿನಲ್ಲಿ ಹಿಡಿಯುವುದೇ ಎಡವುವ ಜಾಗ. ಸ್ಕೇಲ್ ಇಟ್ಟು ಅಳೆಯಿರಿ. ಅಲಗಿನ ಅಗಲ 45 ಮಿಮೀ ಇದ್ದರೆ, ಕತ್ತಿಯ ಬೆನ್ನನ್ನು ಕಲ್ಲಿನಿಂದ 12 ಮಿಮೀ ಎತ್ತಿದಾಗ ಕೋನ 15 ಡಿಗ್ರಿ, 15 ಮಿಮೀ ಎತ್ತಿದಾಗ 20 ಡಿಗ್ರಿ. ಗಡಸು ಜಪಾನಿ ಕತ್ತಿಗೆ ಒಂದೊಂದು ಬದಿ 15 ಸಾಕು. ಊರ ಕುಲುಮೆಯ ಕತ್ತಿಗೆ 20. ಮೀನಿನ ತಲೆ, ಕೋಳಿ ಮೂಳೆ ಕಡಿಯುವ ದಪ್ಪ ಕತ್ತಿಗೆ 25. ಊರ ಕತ್ತಿಗೆ 15 ಕೊಟ್ಟರೆ ಮೊದಲ ದಿನ ಬೆಣ್ಣೆಯಂತೆ ಕೊಯ್ಯುತ್ತದೆ, ಮೂರನೇ ದಿನ ಬಾಯಿ ಮಡಚಿರುತ್ತದೆ. ಆಗಲೂ ದೂಷಿಸುವುದು ಉಕ್ಕನ್ನೇ.

ಬಾಯಿಯ ಉದ್ದಕ್ಕೂ ಮಾರ್ಕರಿನಿಂದ ಗೆರೆ ಎಳೆಯಿರಿ. ನಾಲ್ಕು ಎಳೆತದ ನಂತರ ನೋಡಿ. ಶಾಯಿ ಬಾಯಿಯ ತುದಿಯಲ್ಲಿ ಉಳಿದು ಮೇಲ್ಗಡೆ ಹೋಗಿದ್ದರೆ ಬೆನ್ನು ತಗ್ಗಾಗಿದೆ, ಸ್ವಲ್ಪ ಎತ್ತಿ. ತುದಿಯಲ್ಲಿ ಮಾತ್ರ ಹೋಗಿದ್ದರೆ ಬೆನ್ನು ಎತ್ತರವಾಗಿದೆ, ಇಳಿಸಿ. ಗೆರೆ ಪೂರ್ತಿ ಹೋಗುವ ಎತ್ತರ ಸಿಕ್ಕಿದ ಮೇಲೆ ಮಣಿಕಟ್ಟು ಬಿಗಿ ಹಿಡಿದು ಆಚೀಚೆ ಓಡಾಡಿಸಿ.

ಒಂದೇ ಬದಿಯನ್ನು, ಬುಡ, ನಡು, ಮೊನೆ ಎಂದು ಮೂರು ಭಾಗ ಮಾಡಿ ತಲಾ 20ರಿಂದ 30 ಎಳೆತ. ಬೆರಳ ತುದಿಯನ್ನು ಬೆನ್ನಿನಿಂದ ಬಾಯಿಯ ಆಚೆಗೆ ಜಾರಿಸಿದರೆ ಎದುರು ಬದಿಯಲ್ಲಿ ಕೂದಲೆಳೆಯಷ್ಟು ಒರಟು ಅಂಚು ಸಿಗಬೇಕು. ಇದಕ್ಕೆ ಬರ್ ಎನ್ನುತ್ತಾರೆ. ಉಕ್ಕು ಅಂಚಿನವರೆಗೂ ಸವೆದು ಆಚೆ ಬದಿಗೆ ಮಗುಚಿದ ಗುರುತು ಇದು. ಬುಡದಿಂದ ಮೊನೆಯವರೆಗೆ ಬರ್ ಏಳುವ ತನಕ ಬದಿ ತಿರುಗಿಸಬೇಡಿ. ಮಸೆದರೂ ಹರಿತ ಬರುತ್ತಿಲ್ಲ ಎಂಬ ದೂರು ಬಂದಲ್ಲೆಲ್ಲ ಅವಸರದಲ್ಲಿ ಬದಿ ತಿರುಗಿಸಿದ್ದೇ ಕಾರಣವಾಗಿರುತ್ತದೆ. ಬುಡ ಮತ್ತು ಮೊನೆಯಲ್ಲಿ ಬರ್ ಎದ್ದೇ ಇರುವುದಿಲ್ಲ, ನಡುವಿನ ನಾಲ್ಕು ಬೆರಳು ಮಾತ್ರ ಹರಿತವಾಗಿ ಕತ್ತಿಯ ಬಾಯಿ ವರ್ಷದೊಳಗೆ ಬಿಲ್ಲಿನಂತೆ ತಗ್ಗಾಗುತ್ತದೆ.

ಬೀದಿಯ ಸಾಣೆಗೆ ಕೊಡಬಹುದೇ? ಸೈಕಲ್ ಪೆಡಲಿನ ಸಾಣೆ ನಿಧಾನ ತಿರುಗುತ್ತದೆ, ಹೇಳಿ ಮಾಡಿಸಿದರೆ ಹಾಳಾಗುವುದು ಕಡಿಮೆ. ಕರೆಂಟಿನ ಒಣ ಚಕ್ರ ಅಪಾಯ. ಅಡುಗೆ ಕತ್ತಿಯ ಹದ ಸಾಮಾನ್ಯವಾಗಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೊಟ್ಟದ್ದು. ಕಿಡಿ ಹಾರುವಾಗ ತೆಳು ಬಾಯಿ ಅದನ್ನು ಕ್ಷಣದಲ್ಲಿ ದಾಟುತ್ತದೆ. ಮರಳಿ ಬಂದ ಕತ್ತಿಯ ಅಂಚಿನಲ್ಲಿ ಒಣಹುಲ್ಲಿನ ಹಳದಿ ಕಂಡರೆ ಹದ ಹೆಚ್ಚುಕಡಿಮೆ ಉಳಿದಿದೆ. ನೇರಳೆ, ನೀಲಿ ಕಂಡರೆ 280, 300 ಡಿಗ್ರಿ ಮುಟ್ಟಿದೆ, ಆ ಜಾಗ ಮೆದುವಾಗಿದೆ. ಆ ನೀಲಿ ಪಟ್ಟಿ ಸವೆದುಹೋಗುವ ತನಕ ಅಲ್ಲಿ ಹರಿತ ನಿಲ್ಲುವುದಿಲ್ಲ.

ಹಂತ 5: ಕಪ್ಪು ಪೊರೆ ಕಟ್ಟಿಸುವುದು

ಚಹಾದ ಒಗರು ಕಬ್ಬಿಣದ ಜತೆ ಸೇರಿ ನೀಲಿಗಪ್ಪು ಪೊರೆಯಾಗುತ್ತದೆ. ಬಾಳೆಕಾಯಿ ಹೆಚ್ಚಿದ ಕತ್ತಿ ಕಪ್ಪಾಗುವುದೂ ಇದೇ ಕಾರಣಕ್ಕೆ. ಪೊರೆ ತುಕ್ಕನ್ನು ಪೂರ್ತಿ ತಡೆಯುವುದಿಲ್ಲ, ನಿಧಾನ ಮಾಡುತ್ತದೆ. ಮಳೆಗಾಲದಲ್ಲಿ ಆ ನಿಧಾನವೇ ದೊಡ್ಡದು. ಒರೆಸಲು ಎರಡು ನಿಮಿಷ ಮರೆತರೆ ಕತ್ತಿ ಕ್ಷಮಿಸುತ್ತದೆ.

ಒಂದು ಲೀಟರ್ ನೀರಿಗೆ 50 ಗ್ರಾಂ ಚಹಾಪುಡಿ ಹಾಕಿ 10 ನಿಮಿಷ ಕುದಿಸಿ ಸೋಸಿ. ಕೈ ತಾಳುವಷ್ಟು ಬಿಸಿಗೆ ಇಳಿದ ಮೇಲೆ 100 ಮಿಲೀ ವಿನೆಗರ್ ಸೇರಿಸಿ ಉದ್ದನೆ ಪಾತ್ರೆಗೆ ಹುಯ್ಯಿರಿ. ಈಗ ಅಲಗನ್ನು ಪಾತ್ರೆ ತೊಳೆಯುವ ಸೋಪಿನಿಂದ ಎರಡು ಸಲ ತೊಳೆದು ಒರೆಸಿ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ತಾಗಿದ ಕಡೆ ಪೊರೆ ಹಿಡಿಯದೆ ಹೆಬ್ಬೆಟ್ಟಿನ ಗುರುತೇ ಬಿಳಿಯಾಗಿ ಮೂಡುತ್ತದೆ. ಅಲಗನ್ನು ನೆಟ್ಟಗೆ ಇಳಿಬಿಡಿ, ಹಿಡಿ ಹೊರಗಿರಲಿ, ಪಾತ್ರೆಯ ಗೋಡೆಗೆ ತಾಗಬಾರದು.

20 ನಿಮಿಷಕ್ಕೊಮ್ಮೆ ಎತ್ತಿ ನೋಡಿ. ಮೊದಲು ಕಂದು, ಆಮೇಲೆ ಬೂದು, ಒಂದೂವರೆ ಎರಡು ಗಂಟೆಗೆ ಸ್ಲೇಟಿನ ಬಣ್ಣ. ಅಷ್ಟಕ್ಕೆ ನಿಲ್ಲಿಸಿ. ತೊಳೆದು ಬಟ್ಟೆಯಲ್ಲಿ ಒತ್ತಿ ಒರೆಸಿದಾಗ ಕಪ್ಪು ಮಸಿ ಹತ್ತುತ್ತದೆ, ಅದು ಮೇಲಿನ ಸಡಿಲ ಪದರ, ಹೋಗಲಿ. ಮತ್ತೆ 5 ನಿಮಿಷ ಸೋಡಾ ನೀರು, ತೊಳೆಯುವುದು, ಒರೆಸುವುದು. ಒರೆಸುವಾಗ ಕಿತ್ತಳೆ ಬಣ್ಣ ಬಂದರೆ ಸೋಡಾ ಸಾಲಲಿಲ್ಲ ಅಥವಾ ಜಿಡ್ಡು ಹೋಗಿರಲಿಲ್ಲ ಎಂದರ್ಥ. ಆ ಜಾಗ ಬಿರಡೆಯಿಂದ ಉಜ್ಜಿ ಮತ್ತೊಮ್ಮೆ ಅದ್ದಬೇಕು.

ಇಷ್ಟೆಲ್ಲ ಬೇಡ ಎನ್ನುವವರಿಗೆ ಅಡುಗೆಯ ದಾರಿ ಇದೆ, ನಿಜ ಹೇಳಬೇಕೆಂದರೆ ಅದೇ ಹೆಚ್ಚು ಗಟ್ಟಿ. ಮಾಟುಂಗ ಮಾರ್ಕೆಟಿನಿಂದ ಬಾಳೆಕಾಯಿ, ಬಾಳೆಹೂ ತಂದು ಎರಡು ವಾರ ಆ ಕತ್ತಿಯಲ್ಲೇ ಹೆಚ್ಚಿ. ಪ್ರತಿ ಸಲ ಮುಗಿದ ಮೇಲೆ 5 ನಿಮಿಷ ರಸ ಹಾಗೇ ಬಿಟ್ಟು ತೊಳೆದು ಒರೆಸಿ. ಮೊದಲ ಮೂರು ನಾಲ್ಕು ದಿನ ಹೋಳುಗಳಿಗೆ ಬೂದು ಬಣ್ಣ, ಕಬ್ಬಿಣದ ವಾಸನೆ ಹತ್ತುತ್ತದೆ. ಆರೋಗ್ಯಕ್ಕೆ ಕೆಡುಕಿಲ್ಲ, ನೋಡಲು ಚೆನ್ನಾಗಿರುವುದಿಲ್ಲ ಅಷ್ಟೆ. ಹೋಳುಗಳನ್ನು ಮಜ್ಜಿಗೆ ನೀರಿಗೆ ಹಾಕುವ ರೂಢಿ ಇಲ್ಲೂ ಸಹಾಯಕ್ಕೆ ಬರುತ್ತದೆ. ಹುಣಸೆ, ಕೋಕಂ, ಮಾವಿನಕಾಯಿ ಮಾತ್ರ ಈ ಎರಡು ವಾರ ದೂರವಿರಲಿ. ಒಗರಿಗಿಂತ ಹುಳಿ ಮುಂದಾದರೆ ಪೊರೆ ಕಟ್ಟುವ ಬದಲು ಕರಗುತ್ತದೆ.

ಹಂತ 6: ಬಾಯಿ ತೀಡುವುದು

ಈಗ 1000ದ ಕಲ್ಲು. ಅದೇ ಕೋನ, ಅರ್ಧ ಒತ್ತಡ. ಒಂದು ಬದಿ 15, ಇನ್ನೊಂದು ಬದಿ 15, ನಂತರ 10, 5, 3, 1 ಹೀಗೆ ಇಳಿಸುತ್ತ ಬನ್ನಿ. ಕೊನೆಯ ಎಳೆತಗಳಲ್ಲಿ ಕತ್ತಿಯ ತೂಕ ಬಿಟ್ಟು ಬೇರೆ ಭಾರ ಬೇಡ. ಪೊರೆ ಹೋಗುವುದು ಬಾಯಿಯ ಪಕ್ಕದ ತೆಳು ಪಟ್ಟಿಯಲ್ಲಿ ಮಾತ್ರ. ಆ ಪಟ್ಟಿ ಯಾವಾಗಲೂ ಬೆತ್ತಲೆಯೇ ಇರುತ್ತದೆ, ಅದನ್ನು ಕಾಯುವುದು ಒರೆಸುವ ಬಟ್ಟೆ ಮತ್ತು ಎಣ್ಣೆ.

ಬೆಲ್ಟಿನ ಒರಟು ಮೈಗೆ ಹಸಿರು ಮೇಣವನ್ನು ಬಳಪದಂತೆ ಗೀಚಿ. ಬೆನ್ನು ಮುಂದೆ, ಬಾಯಿ ಹಿಂದೆ ಬರುವಂತೆ ಎರಡೂ ಬದಿ ತಲಾ 10 ಸಲ ಎಳೆಯಿರಿ. ಬಾಯಿ ಮುಂದೆ ಮಾಡಿ ತಳ್ಳಿದರೆ ಬೆಲ್ಟ್ ಸೀಳುತ್ತದೆ. ಬೆಲ್ಟ್ ಇಲ್ಲದಿದ್ದರೆ ಎಂಟು ಮಡಿಕೆ ಮಾಡಿದ ವೃತ್ತಪತ್ರಿಕೆಯನ್ನು ಕಲ್ಲಿನ ಮೇಲಿಟ್ಟರೂ ಕೆಲಸ ಸಾಗುತ್ತದೆ.

ಪರೀಕ್ಷೆಗೆ ಹೆಬ್ಬೆರಳು ಬೇಡ. ಟ್ಯೂಬ್‌ಲೈಟಿನ ಕೆಳಗೆ ಬಾಯಿಯನ್ನು ಕಣ್ಣಿನ ಕಡೆಗೆ ಹಿಡಿದು ಮೆಲ್ಲಗೆ ಓಲಾಡಿಸಿ. ಹರಿತವಾದ ಬಾಯಿ ಬೆಳಕು ಹಿಂದಿರುಗಿಸುವುದಿಲ್ಲ, ಅಲ್ಲೊಂದು ಗೆರೆ ಇದೆಯೆಂದೇ ತೋರುವುದಿಲ್ಲ. ಮೊಂಡಾದ ಜಾಗ ಬಿಳಿ ದಾರದಂತೆ ಮಿನುಗುತ್ತದೆ, ಕಚ್ಚು ಬಿದ್ದಲ್ಲಿ ನಕ್ಷತ್ರದಂತೆ ಚುಕ್ಕೆ. ಆಮೇಲೆ ಪ್ಲಾಸ್ಟಿಕ್ ಬಾಲ್‌ಪೆನ್ನಿನ ಮೇಲೆ ಕತ್ತಿಯನ್ನು ಓರೆಯಾಗಿ, ಭಾರ ಹಾಕದೆ ಇಡಿ. ಜಾರದೆ ನಿಂತರೆ ಸರಿ. ಮಿನುಗಿದ ಜಾಗಕ್ಕೆ ಮಾತ್ರ 1000ದ ಕಲ್ಲಿನಲ್ಲಿ ಇನ್ನೂ ಹತ್ತು ಎಳೆತ ಕೊಡಿ.

ಹಂತ 7: ಎಣ್ಣೆ

20 ಸೆಂಮೀ ಅಲಗಿಗೆ ಎರಡು ಮೂರು ಹನಿ. ಟಿಶ್ಯೂನಿಂದ ಹರಡಿ, ಇನ್ನೊಂದು ಟಿಶ್ಯೂನಿಂದ ಒರೆಸಿ ತೆಗೆದುಬಿಡಿ. ಒರೆಸಿದ ಮೇಲೆ ಉಳಿಯುವುದೇ ಬೇಕಾದಷ್ಟು. ಒದ್ದೆ ಅಲಗಿಗೆ ಎಣ್ಣೆ ಹಚ್ಚಿದರೆ ನೀರನ್ನು ಮುಚ್ಚಳ ಹಾಕಿ ಒಳಗಿಟ್ಟಂತೆ. ಎಣ್ಣೆ ಹಚ್ಚಿಯೂ ಚುಕ್ಕೆ ಚುಕ್ಕೆ ತುಕ್ಕು ಬಂದರೆ ಇದೇ ಕಾರಣ.

ಸೂರ್ಯಕಾಂತಿ, ಶೇಂಗಾ ಎಣ್ಣೆ ಕೆಲವು ವಾರದಲ್ಲಿ ಅಂಟಾಗುತ್ತವೆ. ಕೊಬ್ಬರಿ ಎಣ್ಣೆ ದಿನಬಳಕೆಗೆ ಪರವಾಗಿಲ್ಲ, ಬೇಗ ಕಮಟುವುದಿಲ್ಲ. ಆದರೆ ಅದು 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ, ಪುಣೆಯ ಡಿಸೆಂಬರಿನಲ್ಲಿ ಅಲಗಿನ ಮೇಲೆ ಹೆಪ್ಪುಗಟ್ಟಿ ನಡುನಡುವೆ ಬರಿದು ಬಿಡುತ್ತದೆ. ತಿಂಗಳುಗಟ್ಟಲೆ ಇಡುವುದಿದ್ದರೆ ಪ್ಯಾರಾಫಿನ್ನೇ ಮೇಲು.

ಹಂತ 8: ದಿನದ ಅಭ್ಯಾಸ

ಹೆಚ್ಚುವ ಹಲಗೆಯ ಬಲಕ್ಕೆ ಒಂದು ಒದ್ದೆ ಬಟ್ಟೆ, ಒಂದು ಒಣ ಬಟ್ಟೆ ಇಟ್ಟುಕೊಳ್ಳಿ. ಟೊಮೆಟೊ, ನಿಂಬೆ, ಮಾವಿನಕಾಯಿ ಆದ ಕೂಡಲೇ ಎರಡರಲ್ಲೂ ಒಮ್ಮೊಮ್ಮೆ ಒರೆಸಿ, ನಂತರ ಮುಂದಿನ ತರಕಾರಿ. ಮೀನು ಕೊಯ್ದರೆ ಒರೆಸಿದರೆ ಸಾಲದು, ಹರಿಯುವ ನೀರಿನಲ್ಲಿ ಸೋಪು ಹಾಕಿ ತೊಳೆಯಬೇಕು. ಉಪ್ಪು ಹೋಗುವುದು ನೀರಿನಲ್ಲಿ, ಬಟ್ಟೆಯಲ್ಲಲ್ಲ. ಬೋರ್‌ವೆಲ್ ಅಥವಾ ಟ್ಯಾಂಕರಿನ ಸವಳು ನೀರು ಬರುವ ಸೊಸೈಟಿಯಾದರೆ ಕೊನೆಯ ಲೋಟ ಕುಡಿಯುವ ನೀರಿನದಾಗಿರಲಿ. ಹಲಸಿನಕಾಯಿಗೆ ಮೊದಲೇ ಎಣ್ಣೆ ಹಚ್ಚುವುದು ಮೇಣಕ್ಕಾಗಿ, ಅದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ಒದ್ದೆ ಕತ್ತಿಯನ್ನು ಸ್ಟೀಲ್ ಸಿಂಕಿನಲ್ಲಿ ಬಿಡಬೇಡಿ. ಒದ್ದೆಯಲ್ಲಿ ಸ್ಟೇನ್‌ಲೆಸ್ಸಿಗೆ ತಾಗಿಕೊಂಡ ಕಾರ್ಬನ್ ಉಕ್ಕು ಒಂಟಿಯಾಗಿರುವುದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ಒಣಗಲೆಂದು ಗ್ಯಾಸಿನ ಉರಿಗೆ ಹಿಡಿಯಬೇಡಿ, ಮೇಲೆ ಹೇಳಿದ ನೀಲಿ ಬಣ್ಣ ಅಲ್ಲೂ ಬರುತ್ತದೆ. ಬೇಗ ಒಣಗಬೇಕೆಂದರೆ ಅಲಗಿನ ಮೇಲೆ ಮಾತ್ರ ಬಿಸಿನೀರು ಹುಯ್ದು ಒರೆಸಿ, ಉಳಿದ ತೇವ ಉಕ್ಕಿನ ಬಿಸಿಗೇ ಆರುತ್ತದೆ. ಹಿಡಿಗೆ ಬಿಸಿನೀರು ತಾಗಬಾರದು. ಊರ ಕತ್ತಿಗಳ ಹಿಡಿಯನ್ನು ಅರಗು ಹಾಕಿ ಕೂರಿಸಿದ್ದರೆ ಬಿಸಿಗೆ ಸಡಿಲವಾಗುತ್ತದೆ. ಅಲಗು ಮರಕ್ಕೆ ಇಳಿಯುವ ಜಾಗದಲ್ಲಿ ಕಂದು ಗೆರೆ ಕಂಡರೆ ಒಳಗೆ ನೀರು ಇಳಿಯುತ್ತಿದೆ. ಎರಡು ದಿನ ಫ್ಯಾನಿನಡಿ ಒಣಗಿಸಿ, ಸಂದಿಗೆ ಕರಗಿಸಿದ ಜೇನುಮೇಣ ಬಿಡಿ.

ಗ್ರಾನೈಟ್ ಕಟ್ಟೆ, ಗಾಜಿನ ಹಲಗೆ, ಸ್ಟೀಲ್ ತಟ್ಟೆ ಮೇಲೆ ಹೆಚ್ಚಬೇಡಿ. ಹೋಳುಗಳನ್ನು ಬಾಯಿಂದ ಗುಡಿಸದೆ ಕತ್ತಿಯ ಬೆನ್ನಿಂದ ಗುಡಿಸಿ. ಬೆಲ್ಟಿನಲ್ಲಿ ತೀಡುವುದು ವಾರಕ್ಕೊಮ್ಮೆ, 1000ದ ಕಲ್ಲು ಮೂರು ನಾಲ್ಕು ವಾರಕ್ಕೊಮ್ಮೆ, ಒರಟು ಕಲ್ಲು ಕಚ್ಚು ಬಿದ್ದಾಗ ಮಾತ್ರ.

ಮೆಟ್ಟುಗತ್ತಿ ಇದ್ದವರಿಗೆ

ಮತ್ಸ್ಯಗಂಧ ರೈಲಿನಲ್ಲಿ ಊರಿನಿಂದ ಬಂದ ಮೆಟ್ಟುಗತ್ತಿಗೂ, ಇಲ್ಲಿನವರ ವಿಳಿಗೂ ಮೇಲಿನ ಕ್ರಮವೇ. ಅಲಗು ಮಣೆಗೆ ಕಚ್ಚಿರುವುದರಿಂದ ಕತ್ತಿಯ ಬದಲು ಕಲ್ಲು ಓಡಾಡಬೇಕು. ಮಣೆಯನ್ನು ಕಾಲಿನಿಂದ ಒತ್ತಿ, ಅಲಗಿನ ಪಕ್ಕದಲ್ಲಿ ಕುಳಿತು, ಅಂಗೈಯಷ್ಟು ಚಿಕ್ಕ ಕಲ್ಲನ್ನು ಹಿಡಿಯಿರಿ. ಬೆರಳುಗಳು ಕಲ್ಲಿನ ಅಂಚಿನಿಂದ ಹೊರಗೆ ಬರಬಾರದು. ಬುಡದಿಂದ ಮೊನೆಗೆ ಒಂದೇ ದಿಕ್ಕಿನ ಎಳೆತ, ಬದಿಗೆ 20 ಡಿಗ್ರಿ. ಅಲಗು ಒಳಬಾಗಿದ್ದರೆ ಚಪ್ಪಟೆ ಕಲ್ಲು ಕೂರುವುದಿಲ್ಲ. ಲಟ್ಟಣಿಗೆಗೆ 400ರ ಪಾಲಿಶ್ ಪೇಪರ್ ಸುತ್ತಿ ಬಳಸಿ, ನಂತರ 1000. ಚಹಾದಲ್ಲಿ ಅದ್ದಲು ಆಗದಿದ್ದರೆ ಟಿಶ್ಯೂವನ್ನು ಅದೇ ಚಹಾ ವಿನೆಗರಿನಲ್ಲಿ ತೋಯಿಸಿ ಅಲಗಿಗೆ ಸುತ್ತಿ, ಆರದಂತೆ ಚಿಮುಕಿಸುತ್ತಿರಿ.

ತುದಿಯ ತುರಿಮಣೆಯ ಹಲ್ಲುಗಳೇ ತುಕ್ಕಿನ ತವರು. ಕಾಯಿತುರಿಯ ನಾರು ಸಂದಿಯಲ್ಲಿ ನೀರು ಹಿಡಿದುಕೊಳ್ಳುತ್ತದೆ. ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ, ಬಟ್ಟೆಯ ಮೂಲೆ ತೂರಿಸಿ ಒರೆಸಿ, ಎಣ್ಣೆಯ ಬೆರಳು ಆಡಿಸಿ. ಮಣೆಯನ್ನು ನೆನೆಸಬೇಡಿ.

ಗಣಪತಿಗೆ ಊರಿಗೆ ಹೋಗುವ ಮೊದಲು

ಹದಿನೈದು ದಿನ ಬೀಗ ಹಾಕಿದ ಫ್ಲ್ಯಾಟಿನ ಗಾಳಿ ಅಲ್ಲಾಡುವುದಿಲ್ಲ. ಸಿಂಕಿನ ಕೆಳಗಿನ ಡ್ರಾಯರ್ ಎಲ್ಲಕ್ಕಿಂತ ಕೆಟ್ಟ ಜಾಗ, ಮರದ ಚಾಕು ಗೂಡು ಎರಡನೆಯದು. ಚರ್ಮದ ಒರೆಯೂ ಬೇಡ, ತೇವ ಹಿಡಿಯುತ್ತದೆ. ಸೋಪಿನಲ್ಲಿ ತೊಳೆದು, ಒರೆಸಿ, ಫ್ಯಾನಿನಡಿ 10 ನಿಮಿಷ ಇಟ್ಟು, ಪ್ಯಾರಾಫಿನ್ ಹಚ್ಚಿ. ಈ ಸಲ ಒರೆಸಿ ತೆಗೆಯದೆ ತೆಳು ಪದರ ಬಿಡಿ. ಎಣ್ಣೆ ಹೀರಿದ ಕಾಗದದಲ್ಲಿ ಸುತ್ತಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ 50 ಗ್ರಾಂ ಸಿಲಿಕಾ ಜೆಲ್ ಜತೆ ಇಟ್ಟು, ಅಟ್ಟದ ಮೇಲೆ, ನೀರಿನ ಪೈಪಿನಿಂದ ದೂರ ಇಡಿ. ಬಣ್ಣ ಬದಲಾಗುವ ಜೆಲ್ ಕೊಂಡರೆ ಅದು ನೀರು ತುಂಬಿಕೊಂಡದ್ದು ಕಣ್ಣಿಗೇ ತಿಳಿಯುತ್ತದೆ.

ಮರಳಿ ಬಂದ ದಿನ ಡಬ್ಬಿ ತೆರೆದು ಬಿಳಿ ಟಿಶ್ಯೂವಿನಲ್ಲಿ ಒಮ್ಮೆ ಒರೆಸಿ ನೋಡಿ. ಎಣ್ಣೆಯ ಬಣ್ಣ ಮಾತ್ರ ಬಂದರೆ ಸೋಪಿನಲ್ಲಿ ತೊಳೆದು, ಬೆಲ್ಟಿನ ಮೇಲೆ ಹತ್ತು ಸಲ ಎಳೆದು ಹೆಚ್ಚಲು ಕುಳಿತುಕೊಳ್ಳಿ. ಕಿತ್ತಳೆ ಬಂದರೆ ಬಿರಡೆ ಮತ್ತು ಸೋಡಾ, ಮತ್ತೆ ಹಂತ 3ರಿಂದ.